ಕ್ಯಾಪ್ಟನ್ ಅಝೆಲಿಯ ಮೂಗು

ಅಝೆಲಿ ಪೆಲಗ್ರಿನ್ ಒಲೆಯ ಮುಂದೆ ನಿಂತು ಗಂಬೋ ಸಾರಿಗೆ ಎಣ್ಣೆಯಲ್ಲಿ ಹಿಟ್ಟು ಹುರಿಯುತ್ತಿದ್ದಳು. ಕಣ್ಣು ಮಾತ್ರ ಕಿಟಕಿಯಾಚೆ, ಜೌಗಿನ ಹುಲ್ಲನ್ನು ಬಾಗಿಸುತ್ತಿದ್ದ ಗಾಳಿಯ ಮೇಲಿತ್ತು. ಹಿಟ್ಟು ಸೀಯತೊಡಗಿತು. ಅವಳು ಸೌಟು ತಿರುವುತ್ತಲೇ ಇದ್ದಳು. ಮನೆ ಇರುವುದು ಹದಿನಾಲ್ಕು ಅಡಿ ಎತ್ತರದ ಕಂಬಗಳ ಮೇಲೆ. ಕೆಳಗೆ ಗಾಡಿ ತೊಳೆಯುತ್ತಿದ್ದ ಅವಳ ಗಂಡ ಕ್ಲೋವಿಸ್‌ನ ಮೂಗಿಗೆ ಅಲ್ಲಿಗೇ ಕಮಟು ಬಡಿಯಿತು. ಅವನು ಪೈಪು ಬಿಸಾಡಿ ಮೆಟ್ಟಿಲು ಹತ್ತಿ ಓಡಿಬಂದ.

ಅವರ ಊರು ಕೊಕೊಡ್ರಿಯಲ್ಲಿ ದೋಣಿ ಮುಳುಗಿಸಿದವರನ್ನು ಕ್ಷಮಿಸುತ್ತಾರೆ. ಗಂಬೋ ಹಿಟ್ಟು ಸೀಯಿಸಿದ ಹೆಂಗಸನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅದೂ ಅಝೆಲಿಯಂಥವಳು ಸೀಯಿಸುವುದೆಂದರೆ ಕ್ಲೋವಿಸ್‌ಗೆ ನಂಬಲಾಗಲಿಲ್ಲ.

"ಏನೇ ಇದು? ಮನೆಯೆಲ್ಲಾ ಹೊಗೆ. ನಿಂಗೆ ವಾಸನೆ ಬರ್ಲಿಲ್ವಾ?"

ಅಝೆಲಿ ಬಾಣಲೆ ನೋಡಿದಳು, ಗಂಡನನ್ನು ನೋಡಿದಳು, ಕುರ್ಚಿ ಎಳೆದು ಕೂತಳು. "ಇಲ್ಲ," ಎಂದಳು. "ಜನವರೀಲಿ ಜ್ವರ ಬಂದಿತ್ತಲ್ಲ, ಅವತ್ತಿಂದ ಏನೂ ಬರ್ತಿಲ್ಲ. ಕಾಫಿ ಇಲ್ಲ, ಪೆಟ್ರೋಲ್ ಇಲ್ಲ. ಮೀನೂ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಇದು ಸಣ್ಣ ಮಾತು. ಅಝೆಲಿಗೆ ಮೂಗೇ ಕಸುಬು. ಇಪ್ಪತ್ತೆರಡು ವರ್ಷದಿಂದ ಅವಳು ಪರವೂರಿನವರನ್ನು ದೋಣಿಯಲ್ಲಿ ಕರೆದೊಯ್ದು ಚುಕ್ಕೆ ಟ್ರೌಟ್ ಮೀನು ಹಿಡಿಸುತ್ತಾ ಬಂದವಳು. ವಸಂತದಲ್ಲಿ ಸಿಗಡಿ ಜೌಗಿನಿಂದ ಹೊರಬೀಳುತ್ತದೆ, ಹಿಂದೆಯೇ ಟ್ರೌಟ್ ಹಿಂಡು. ಹೊಟ್ಟೆ ಬಿರಿಯೆ ಸಿಗಡಿ ತಿಂದ ಮೀನು ಕಕ್ಕುವ ಎಣ್ಣೆಪಸೆ ನೀರಿನ ಮೇಲೆ ತಟ್ಟೆಯಗಲ ಎದ್ದು ನಿಲ್ಲುತ್ತದೆ, ಮತ್ತು ಅದಕ್ಕೆ ಆಗ ತಾನೇ ಕೊಯ್ದ ಕಲ್ಲಂಗಡಿಯ ವಾಸನೆ. ಹತ್ತಿರ ಹೋದರೆ ಯಾವ ಕ್ಯಾಪ್ಟನ್‌ಗೂ ಅದು ಗೊತ್ತಾಗುತ್ತದೆ. ಅಝೆಲಿಗೆ ಅರ್ಧ ಮೈಲಿಯಿಂದ ಗೊತ್ತಾಗುತ್ತಿತ್ತು. ಇಂಜಿನ್ ಆರಿಸಿ, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಅಲ್ಲಿ," ಎಂದು ಬೆರಳು ತೋರಿಸುವಳು. ಗಿರಾಕಿಗಳು ಮೀನಿಗಿಂತ ಹೆಚ್ಚಾಗಿ ಆ ವೈಭವ ನೋಡಲಿಕ್ಕೇ ಬರುತ್ತಿದ್ದರು ಎಂದರೂ ತಪ್ಪಿಲ್ಲ.

ಈ ಮಾರ್ಚ್‌ನಲ್ಲೂ ಅವಳು ಗಲ್ಲ ಎತ್ತಿದಳು, ಕಣ್ಣು ಮುಚ್ಚಿದಳು, ಬಾಯಿಗೆ ಬಂದ ಕಡೆ ಬೆರಳು ತೋರಿಸಿದಳು. ಐದು ಸಲ ಹೋಗಿ ಐದು ಸಲವೂ ಯಾರೂ ತಿನ್ನದ ಮೀಸೆಮೀನು ಹಿಡಿಸಿಕೊಂಡು ಬಂದಳು.

"ನಾಳೆ ಹಾಲಿಸ್ ಟಾರ್ವರ್ ಬರ್ತಾರೆ," ಎಂದಳು ಅಝೆಲಿ. "ಹನ್ನೊಂದು ವರ್ಷದಿಂದ ಒಂದು ಏಪ್ರಿಲ್ಲೂ ತಪ್ಪಿಸಿಲ್ಲ ಅವರು. ನಾಳೇನೂ ಇದೇ ಹಾಡಾದ್ರೆ ಮುಗೀತು. ದೋಣೀನ ರೋಯ್ಲಿಗೆ ಕೊಟ್ಬಿಡ್ತೀನಿ."

ರೋಯ್ಲಿ ಅವಳ ಧರ್ಮಪುತ್ರ. ಚರ್ಚಿನಲ್ಲಿ ಅವನಿಗೆ ನೀರು ಹಾಕಿಸಿ ಹೆಸರಿಟ್ಟಾಗ ಎತ್ತಿಕೊಂಡಿದ್ದವಳು ಇವಳೇ. ಈಗ ನಲವತ್ತು ದಾಟಿದ ಅವನೂ ಕ್ಯಾಪ್ಟನ್. ಅವನ ವಿದ್ಯೆಯೆಲ್ಲ ಅಝೆಲಿಯ ದೋಣಿ ಎಲ್ಲಿ ನಿಲ್ಲುತ್ತದೋ ಅದರ ಹಿಂದೆ ನಿಲ್ಲುವುದರಲ್ಲಿತ್ತು.

ಕ್ಲೋವಿಸ್ ಸೀದ ಹಿಟ್ಟನ್ನು ಹೊರಗೆ ಚೆಲ್ಲಿ ಬಂದ. "ನಾನ್ ಬರ್ತೀನಿ ನಾಳೆ," ಎಂದ. "ನನ್ನ ಮೂಗು ಚೆನ್ನಾಗೇ ಇದೆಯಲ್ಲ."

ಅಝೆಲಿಗೆ ಆ ದುಃಖದಲ್ಲೂ ನಗು ಬಂತು. ಕ್ಲೋವಿಸ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ನೆಲದ ಮನುಷ್ಯ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ದೋಣಿ ಹತ್ತಿದ್ದು ಮೂರೇ ಸಲ, ಮೂರು ಸಲವೂ ತಿಂದದ್ದನ್ನೆಲ್ಲ ಮೀನಿಗೆ ಹಾಕಿ ಬಂದಿದ್ದ.

"ವಾಂತಿ ಮಾಡ್ಕೋತಾ ವಾಸನೆ ನೋಡ್ತೀಯಾ?"

"ಮಧ್ಯೆ ಮಧ್ಯೆ ಬಿಡುವು ಇರುತ್ತಲ್ಲ."

ಹಾಗೆ ಒಪ್ಪಂದವಾಯಿತು. ಕಲ್ಲಂಗಡಿ ವಾಸನೆ ಯಾವ ಕಡೆಯಿಂದ ಬಂತೋ ಕ್ಲೋವಿಸ್ ಟೋಪಿಯನ್ನು ಆ ಕಡೆಗೆ ಎಳೆದುಕೊಳ್ಳಬೇಕು. ಗಲ್ಲ ಎತ್ತುವ ಕೆಲಸ ಅಝೆಲಿಯದು. ಇಬ್ಬರೂ ಸೇರಿ ಗಿರಾಕಿಗಳ ಮೂಗಿಗೆ ತುಪ್ಪ ಸವರುವುದು.

ಬೆಳಗಾಗುವಷ್ಟರಲ್ಲಿ ಹಾಲಿಸ್ ಟಾರ್ವರ್ ದಕ್ಕೆಯಲ್ಲಿ ನಿಂತಿದ್ದರು. ಶಾಲೆಯ ಬ್ಯಾಂಡಿಗೆ ಮೇಷ್ಟರಾಗಿದ್ದ ಉದ್ದನೆಯ ಮನುಷ್ಯ. ಈ ಸಲ ಜೊತೆಗೆ ತಂಗಿ ಅರ್ನಸ್ಟೀನ್. ಆಕೆಯ ತಲೆಯ ಮೇಲೆ ಛತ್ರಿಯಷ್ಟು ಅಗಲದ ಹ್ಯಾಟು.

"ಮಿಸ್ ಅಝೆಲಿ, ಇವಳಿಗೆ ನಿಮ್ಮ ಮೂಗಿನ ವಿಷ್ಯ ಹೇಳಿದ್ರೆ ನಂಬೋದೇ ಇಲ್ಲ," ಎಂದರು ಹಾಲಿಸ್. "ತೋರಿಸೋಣ ಅಂತಲೇ ಕರ್ಕೊಂಡು ಬಂದೆ." ಆಮೇಲೆ ದೋಣಿಯ ಕಂಬಿ ಅಪ್ಪಿಕೊಂಡು ಶುಂಠಿ ಪೆಪ್ಪರ್‌ಮಿಂಟು ಚೀಪುತ್ತಿದ್ದ ಕ್ಲೋವಿಸ್ ಅವರ ಕಣ್ಣಿಗೆ ಬಿದ್ದ. "ಇವರು?"

"ಸಹಾಯಕ," ಎಂದಳು ಅಝೆಲಿ.

"ಇವರಿಗೇ ಯಾರಾದ್ರೂ ಸಹಾಯ ಮಾಡ್ಬೇಕೇನೋ," ಎಂದರು ಅರ್ನಸ್ಟೀನ್.

ಲೇಕ್ ಬಾರೆ ಹೆಸರಿಗೆ ಸರೋವರ, ನೀರೆಲ್ಲ ಉಪ್ಪು. ಅಲ್ಲಿಗೆ ಮುಟ್ಟಿ ಹತ್ತು ನಿಮಿಷವಾಗಿರಲಿಲ್ಲ, ಕ್ಲೋವಿಸ್ ಟೋಪಿಯನ್ನು ಎಡಗಡೆಗೆ ಎಳೆದ. ಅನುಮಾನವೇ ಬೇಡವೆಂಬಂತೆ ಇನ್ನೊಮ್ಮೆ ಎಳೆದ. ಅಝೆಲಿ ಇಂಜಿನ್ ಆರಿಸಿದಳು, ಗಲ್ಲ ಎತ್ತಿದಳು, "ಅಲ್ಲಿ," ಎಂದಳು. ಹಾಲಿಸ್ ತಂಗಿಯ ಕಡೆ ತಿರುಗಿ ಹುಬ್ಬು ಹಾರಿಸಿದರು.

ಗಾಳಕ್ಕೆ ಸಿಗಡಿ ಚುಚ್ಚಿ, ತೇಲುವ ಬೆಂಡು ಎಸೆದು, ಅದನ್ನು ಆಗಾಗ ಜಗ್ಗಿ ಕೊಳಕ್ ಎನಿಸುತ್ತಾ ಅರ್ಧ ಗಂಟೆ ಕೂತರು. ಬಂದದ್ದು ಮೂರು ಮೀಸೆಮೀನು. ಅಝೆಲಿ ಕ್ಲೋವಿಸ್‌ನ ಪಕ್ಕಕ್ಕೆ ಸರಿದಳು.

"ಎಲ್ಲಿಂದ ಬಂತೋ ಮಾರಾಯ ಅದು?"

"ಎಡಗಡೆಯಿಂದಾನೇ. ಈಗ್ಲೂ ಬರ್ತಿದೆ. ಜಾಸ್ತೀನೇ ಆಗಿದೆ."

ಇಬ್ಬರೂ ಎಡಗಡೆಗೆ ನೋಡಿದರು. ಎಡಗಡೆ ಅರ್ನಸ್ಟೀನ್ ಕೂತಿದ್ದರು, ಗುಲಾಬಿ ಬಣ್ಣದ ಟ್ಯೂಬು ಹಿಂಡಿ ತೋಳಿಗೆ ಏನೋ ಹಚ್ಚಿಕೊಳ್ಳುತ್ತಿದ್ದರು. ಟ್ಯೂಬಿನ ಮೇಲೆ ಕಲ್ಲಂಗಡಿ ಹೋಳಿನ ಚಿತ್ರವಿತ್ತು.

"ಬೇಕಾ?" ಎಂದು ಅವರು ಕ್ಲೋವಿಸ್‌ಗೆ ಟ್ಯೂಬು ಚಾಚಿದರು. "ಬಿಸಿಲಿಗೆ ಒಳ್ಳೇದು."

ಕ್ಲೋವಿಸ್ ಕಂಬಿಯಾಚೆ ಬಗ್ಗಿ ಬೆಳಗಿನ ತಿಂಡಿಯನ್ನು ನೀರಿಗೆ ಒಪ್ಪಿಸಿದ. ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು.

"ನೆನೆನ್," ರೋಯ್ಲಿಯ ದನಿ. ಧರ್ಮತಾಯಿಯನ್ನು ಕರೆಯುವುದೇ ಹಾಗೆ. "ಇವತ್ತೇನ್ ಹೇಳ್ತಿದೆ ಮೂಗು? ನಿಮ್ಮ ಹಿಂದೇನೇ ನಿಂತಿದ್ದೀನಿ, ನನಗೂ ಮೀಸೆಮೀನೇ ಬರ್ತಿದೆ."

ಅಝೆಲಿ ನೀರಿನ ಕಡೆ ಮುಖ ತಿರುಗಿಸಿದಳು. ದೂರದಲ್ಲಿ ಬಿಳಿ ಹಕ್ಕಿಗಳ ಗುಂಪೊಂದು ನೀರಿಗೆ ಧುಮುಕಿ ಏಳುತ್ತಿತ್ತು. ಹಾಲಿಸ್ ಆಸೆಯಿಂದ ಅತ್ತ ಕೈ ತೋರಿಸಿದರು.

"ಅವು ಸುಳ್ಳುಹಕ್ಕಿ," ಎಂದಳು ಅಝೆಲಿ. "ಕೆಳಗೆ ಏನೂ ಇರಲ್ಲ, ಸುಮ್ನೆ ಆಟ ಕಟ್ತವೆ." ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಬಂದ ಮನುಷ್ಯನ ಎದುರು ತಾನು ಮಾಡುತ್ತಿರುವುದೂ ಅದೇ ಅಲ್ಲವೇ? ಅವಳು ಕೈ ಒರೆಸಿಕೊಂಡು ಅವರ ಮುಂದೆ ಬಂದು ನಿಂತಳು.

"ಮಿಸ್ಟರ್ ಹಾಲಿಸ್, ನನಗೆ ಈಗ ವಾಸನೇನೇ ಬರಲ್ಲ. ಮೂರು ತಿಂಗಳಾಯ್ತು. ಕ್ಲೋವಿಸ್ ನನ್ನ ಗಂಡ. ಬೆಳಿಗ್ಗೆಯಿಂದ ವಾಸನೆ ನೋಡ್ತಿರೋದು ಅವನು. ಈಗ ಅವನಿಗೆ ಬಂದಿದ್ದು ನಿಮ್ಮ ತಂಗಿಯವರ ಕ್ರೀಮಿಂದು."

ಹಾಲಿಸ್ ಬೆಂಡನ್ನು ಎಳೆದು ಸುತ್ತಿಕೊಂಡರು. ಮುಖ ಸಪ್ಪಗಾಗಿತ್ತು. "ಹನ್ನೊಂದು ವರ್ಷದಿಂದ ಆ ಮೂಗು ನೋಡೋಕೇ ಬರ್ತಿದ್ದೆ ನಾನು. ಮೊದಲೇ ಹೇಳಬಹುದಿತ್ತು ನೀವು."

"ಹೇಳಬೇಕಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ. ಎರಡು ಗಂಟೆ ಟೈಮ್ ಕೊಡಿ. ಆಗಲೂ ಆಗ್ಲಿಲ್ಲಾಂದ್ರೆ ನಾನೇ ನಿಮ್ಮನ್ನ ರೋಯ್ಲಿ ದೋಣಿಗೆ ಹತ್ತಿಸ್ತೀನಿ."

ಹಾಲಿಸ್ ಕೋಲು ಕೈಯಲ್ಲೇ ಹಿಡಿದು ರೋಯ್ಲಿಯ ದೋಣಿಯ ಕಡೆ ನೋಡಿದರು. ಅರ್ನಸ್ಟೀನ್ ಮಾತ್ರ ಎದ್ದು, ಬಕೆಟ್ಟಿನಲ್ಲಿ ಉಪ್ಪುನೀರು ಎತ್ತಿ, ಮೊಣಕೈಯವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡರು. "ಸುಮ್ನೆ ಕೂತ್ಕೋ ಹಾಲಿಸ್," ಎಂದರು. "ನನಗಂತೂ ಈಗ ಮಜಾ ಬರ್ತಿದೆ."

ಕ್ಲೋವಿಸ್‌ನನ್ನು ದೋಣಿಯ ಮೂತಿಯಲ್ಲಿ ನಿಲ್ಲಿಸಿ, ಅಝೆಲಿ ಗಾಳಿಗೆ ಅಡ್ಡಡ್ಡವಾಗಿ ಮೆಲ್ಲಗೆ ನಡೆಸಿದಳು. ಗುಟ್ಟು ರಟ್ಟಾಗಿದ್ದರಿಂದ ಮಾತು ಜೋರಾಗಿಯೇ ನಡೆಯಿತು.

"ಬಂತಾ?"

"ಪೆಟ್ರೋಲ್ ಬಂತು."

"ಅದು ರೋಯ್ಲಿದು. ಬಿಡು. ಈಗ?"

"ಕೆಸರು." ಸ್ವಲ್ಪ ಹೊತ್ತಿಗೆ ಅವನು ಕತ್ತು ನೀಳ ಮಾಡಿದ. "ಇಲ್ಲಿ. ಇದು ಕ್ರೀಮಲ್ಲ ಕಣೇ. ದೇವರಾಣೆಗೂ ಅಲ್ಲ."

ವಾಸನೆ ಹಿಡಿಯುವುದಷ್ಟೇ ಕ್ಲೋವಿಸ್‌ಗೆ ಗೊತ್ತು, ಅದನ್ನು ಏನು ಮಾಡಬೇಕೆಂಬುದು ಗೊತ್ತಿಲ್ಲ. ಅಝೆಲಿ ಗಾಳಿಯ ಎದುರಿಗೆ ದೋಣಿ ತಿರುಗಿಸಿದಳು. ಅಂಗಳದಗಲ ಹರಡಿದ ಪಸೆ ಕಂಡಿತು. ಹಾಲಿಸ್ ತಡೆಯಲಾರದೆ ಎದ್ದು, "ಇಲ್ಲೇ ನಿಲ್ಲಿಸಿ, ಇಲ್ಲೇ," ಎಂದರು.

"ಇದು ಹಳೇದು, ಹರಡಿಹೋಗಿದೆ. ಮೀನು ಎದ್ದು ಹೋಗಿ ತುಂಬ ಹೊತ್ತಾಯ್ತು."

ಅವಳು ಇನ್ನೂ ಮುಂದೆ, ಮುಳುಗಿದ ಕಪ್ಪೆಚಿಪ್ಪಿನ ದಿಬ್ಬದವರೆಗೆ ಹೋದಳು. ಅಲ್ಲಿ ಅಲೆಗಳ ನಡುವೆ ನುಣ್ಣಗೆ ಪಸೆಯ ಮೂರು ಸಣ್ಣ ತಟ್ಟೆಗಳು. ನೋಡುತ್ತಿದ್ದಂತೆ ನಾಲ್ಕನೆಯದು ಎದ್ದಿತು. ಅವಳು ಸದ್ದಾಗದಂತೆ ಗಳ ಊರಿ ದೋಣಿ ನಿಲ್ಲಿಸಿದಳು.

ಮೊದಲು ಮುಳುಗಿದ್ದು ಅರ್ನಸ್ಟೀನರ ಬೆಂಡು. "ಜಗ್ಗಬೇಡಿ, ಅದರ ಬಾಯಿ ತುಂಬ ಮೆದು. ನಿಧಾನಕ್ಕೆ ಸುತ್ತಿ," ಎನ್ನುತ್ತಾ ಅಝೆಲಿ ಬಲೆ ಒಡ್ಡಿದಳು. ಬೆನ್ನ ತುಂಬ ಕರಿಚುಕ್ಕೆ, ಬಾಯೊಳಗೆಲ್ಲ ಅರಿಶಿನ ಬಣ್ಣ, ಅಳತೆಗೋಲಿನ ಮೇಲೆ ಹದಿನೇಳು ಅಂಗುಲ. ಅದನ್ನು ಐಸ್ ಪೆಟ್ಟಿಗೆಗೆ ಹಾಕುವ ಮೊದಲೇ ಹಾಲಿಸರ ಬೆಂಡೂ ಮುಳುಗಿತ್ತು. ಮುಂದಿನ ಒಂದು ಗಂಟೆ ಯಾರೂ ಕೂರಲಿಲ್ಲ. ಮೇಷ್ಟರು ಸಿಟ್ಟಾಗಿದ್ದೆನೆಂಬುದನ್ನೇ ಮರೆತು ಅಳತೆಗೆ ಸಾಲದ ಮೀನಿಗೂ ಸಲಾಮು ಹೊಡೆದು ನೀರಿಗೆ ಬಿಡುತ್ತಿದ್ದರು.

ರೋಯ್ಲಿ ನೂರು ಗಜ ಹಿಂದೆ ಬಂದು ನಿಂತ. ಅವನ ಗಿರಾಕಿಗಳ ಕೋಲುಗಳೂ ಬಾಗಿದವು.

"ನೆನೆನ್, ನಿಮ್ಮ ಮೂಗಿಗೆ ಚಿನ್ನದ ತಗಡು ಹೊದಿಸ್ಬೇಕು," ಎಂದ ರೇಡಿಯೋದಲ್ಲಿ.

ಆ ರೇಡಿಯೋ ಮಾತು ಲೇಕ್ ಬಾರೆಯ ಎಲ್ಲ ದೋಣಿಗಳಿಗೂ ಕೇಳುತ್ತದೆ. ಅಝೆಲಿಗೆ ಅದು ಗೊತ್ತು. ಅವಳು ಬೇಕೆಂದೇ ಬಿಡಿಸಿ ಬಿಡಿಸಿ ಹೇಳಿದಳು. "ನನ್ನ ಮೂಗು ಜನವರೀಲೇ ಹೋಯ್ತು ರೋಯ್ಲಿ. ಇದು ಕ್ಲೋವಿಸ್‌ದು."

ಯಾವುದೋ ದೋಣಿಯಿಂದ ಯಾರೋ ಕೇಳಿದರು, "ಬಸ್ ಕ್ಲೋವಿಸ್‌ದಾ?"

"ಅವನದೇ."

"ಬಾಡಿಗೆಗೆ ಕೊಡ್ತೀರಾ?" ಎಂದ ರೋಯ್ಲಿ.

"ಇಲ್ಲಪ್ಪ. ಮೂವತ್ತೊಂದು ವರ್ಷದ ಹಿಂದೇನೇ ಬುಕ್ ಆಗಿದೆ," ಎಂದು ಅಝೆಲಿ ರೇಡಿಯೋದ ಮೈಕು ತೂಗುಹಾಕಿದಳು.

ಹಾಲಿಸ್ ಅವಳ ಬಳಿ ಬಂದು ನಿಂತರು. "ಮುಂದಿನ ಏಪ್ರಿಲ್ ಎರಡನೇ ಶನಿವಾರ ನನ್ನ ಹೆಸರು ಬರ್ಕೊಳ್ಳಿ. ಆದ್ರೆ ನೀವಿಬ್ಬರೂ ಇರಬೇಕು," ಎಂದವರು ಉತ್ತರಕ್ಕೂ ಕಾಯದೆ ಮತ್ತೆ ಬೆಂಡು ಎಸೆಯಲು ಹೋದರು.

ದೋಣಿಯನ್ನು ರೋಯ್ಲಿಗೆ ಕೊಡುವ ಮಾತು ಅಲ್ಲಿಗೆ ಮುಗಿಯಿತು. ಕ್ಲೋವಿಸ್ ದೋಣಿಯ ಮೂತಿಯಲ್ಲಿ ಕುಸಿದು ಕೂತಿದ್ದ, ಮುಖ ಸುಣ್ಣದಂತಾಗಿತ್ತು. ಅಝೆಲಿ ಒಂದು ಬಾಟಲಿ ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಸುತ್ತ ಪಸೆಯ ತಟ್ಟೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ಈಗ ಜೋರಾಗಿ ಬರ್ತಿರಬೇಕು, ಅಲ್ವಾ?" ಎಂದಳು.

"ಹೂಂ."

"ಹೇಗಿದೆ ಹೇಳು."

ಕ್ಲೋವಿಸ್‌ಗೆ ಇಂಥದ್ದಕ್ಕೆಲ್ಲ ಮಾತು ಸಾಲದು. ಅವನು ಕಣ್ಣು ಕಿರಿದು ಮಾಡಿ ಗಾಳಿ ಎಳೆದುಕೊಂಡ. "ಹಣ್ಣಿನ ಕೆಂಪಲ್ಲ. ತಿಂದ ಮೇಲೆ ಸಿಪ್ಪೆಯಲ್ಲಿ ಉಳಿಯುತ್ತಲ್ಲ, ಬಿಳೀದು, ಆ ಥರ. ತಣ್ಣಗಿದೆ. ಅದರ ಕೆಳಗೆ ಹಸಿ ಹುಲ್ಲು. ಇನ್ನೂ ಕೆಳಗೆ ಒಂಚೂರು ಉಪ್ಪು."

ಅಝೆಲಿ ಗಲ್ಲ ಎತ್ತಿ ಕಣ್ಣು ಮುಚ್ಚಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅವಳ ಮೂಗಿಗೆ ಏನೂ ಬರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು.

"ಹೌದು, ಹಾಗೇ ಇರ್ತಿತ್ತು," ಎಂದಳು. "ಇನ್ನೂ ಹೇಳು."