ಡ್ರೈವಿಂಗ್ ಮೇಡಂಗೆ ಬಂದ ಸಕ್ಕರೆ

ಕಾರು ಕಲಿಸುವ ಮೇಡಂ ಅಂದರೆ ಶಿಷ್ಯರಿಗೆಲ್ಲ ನಡುಕ. ಕ್ಲಚ್ಚು ಬಿಡುವಾಗ ಯಾರಾದರೂ ತಡಬಡಾಯಿಸಿದರೆ ಅವಳು ಎತ್ತುತ್ತಿದ್ದ ಮಂಗಳಾರತಿ ಪಕ್ಕದ ರಸ್ತೆಗೂ ಕೇಳುತ್ತಿತ್ತು. ಎದುರಿಂದ ಲಾರಿ ಮೈಮೇಲೆ ಬಂದರೂ ಕಣ್ಣು ಮಿಟುಕಿಸುವವಳಲ್ಲ. ಅಂಥವಳು ಚೊಚ್ಚಲ ಬಸುರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಡಾಕ್ಟರಮ್ಮನ ಜೊತೆ ಜಗಳಕ್ಕೇ ಇಳಿದಳು.

"ಸಿಹಿ ಕಂಡ್ರೇ ನನಗಾಗಲ್ಲ. ಸಕ್ಕರೆ ಹೇಗೆ ಬರುತ್ತೆ? ಬೇರೆ ಯಾರದೋ ರಕ್ತ ಇರಬೇಕು, ನೋಡಿ."

"ನಿಮ್ಮದೇ. ಬಸುರಲ್ಲಿ ಕೆಲವರಿಗೆ ಹೀಗಾಗುತ್ತೆ, ನಿಮ್ಮ ತಪ್ಪೇನಿಲ್ಲ. ಅನ್ನ ಕಮ್ಮಿ ಮಾಡಿ, ತರಕಾರಿ ಜಾಸ್ತಿ ತಿನ್ನಿ. ಉಂಡ ಮೇಲೆ ನಡೀರಿ."

ಮೇಡಂ ನಡೆದಳು. ಊಟವಾದ ಮೇಲೆ ಶಿಷ್ಯರು ಮೈದಾನದಲ್ಲಿ ಕಾರು ತೆವಳಿಸುತ್ತಿದ್ದರೆ ಇವಳು ಪಕ್ಕದಲ್ಲೇ ಹೊಟ್ಟೆ ಹೊತ್ತುಕೊಂಡು ಬೈಯುತ್ತ ಸಾಗುತ್ತಿದ್ದಳು. ಎಷ್ಟೋ ಸಲ ಕಾರಿಗಿಂತ ಅವಳೇ ಮುಂದಿರುತ್ತಿದ್ದಳು. ಆದರೂ ಬೆಳಗಿನ ಸಕ್ಕರೆ ಇಳಿಯಲೇ ಇಲ್ಲ. ಡಾಕ್ಟರಮ್ಮ ಇನ್ಸುಲಿನ್ ಬರೆದುಕೊಟ್ಟರು.

ಲಾರಿಗೆ ಹೆದರದ ಮೇಡಂ ಸೂಜಿಗೆ ಹೆದರಿದಳು. ಮಂಚದ ಮೇಲೆ ಕೂತು, ಕೈಯಲ್ಲಿ ಸೂಜಿ ಹಿಡಿದು, ಗೋಡೆ ನೋಡತೊಡಗಿದಳು. ಗಂಡ ಸಹಾಯಕ್ಕೆ ಬಂದವನು ಸೂಜಿ ಕಂಡು ತಾನೇ ಬೆವೆತು ನೀರು ಕುಡಿಯಲು ಹೋದ. ಕೊನೆಗೆ ಬಂದವಳು ಅತ್ತೆ, ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡು ಪಳಗಿದ ಕೈ. ಪಥ್ಯ ಮಾಡುವುದಿಲ್ಲವೆಂದು ದಿನಾ ಸೊಸೆಯಿಂದ ಬೈಸಿಕೊಳ್ಳುತ್ತಿದ್ದವಳು.

"ಹೊಟ್ಟೆ ಚರ್ಮ ಹಿಡ್ಕೋ. ನೆಟ್ಟಗೆ ಚುಚ್ಚು. ಅದೇನು ಆ ಕಡೆ ನೋಡ್ತೀಯ? ಕಣ್ಣು ಇಲ್ಲಿರಲಿ."

"ಮಗೂಗೆ ತಗಲಲ್ವಾ ಅತ್ತೆ?"

"ಮಗು ಅಷ್ಟು ಮೇಲೇ ಇದ್ದಿದ್ರೆ ನಾನೇ ಕೈ ಹಾಕಿ ಎತ್ಕೊಳ್ತಿದ್ದೆ. ಚುಚ್ಚೇ."

ಚುಚ್ಚಿದಳು. ಸೊಳ್ಳೆ ಕಡಿದಷ್ಟೂ ನೋಯಲಿಲ್ಲ. ಇಷ್ಟಕ್ಕೇ ಅಷ್ಟು ಹೆದರಿದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಅತ್ತೆ ಗೆದ್ದ ಮುಖ ಮಾಡಿದ್ದು ನೋಡಿ ಸಿಟ್ಟೂ ಬಂತು. ಅಂದಿನಿಂದ ಇಬ್ಬರೂ ಊಟಕ್ಕೆ ಮೊದಲು ಒಟ್ಟಿಗೆ ಕೂತು ಚುಚ್ಚಿಕೊಳ್ಳುತ್ತ, ಗಂಡನನ್ನು ಆಡಿಕೊಂಡು ನಗುತ್ತಿದ್ದರು.

ಹೆಣ್ಣುಮಗು ಹುಟ್ಟಿತು, ತೂಕ ಹದವಾಗಿತ್ತು. ನರ್ಸು ಸಕ್ಕರೆ ನೋಡಲು ಕೂಸಿನ ಹಿಮ್ಮಡಿಗೆ ಚುಚ್ಚಿದಾಗ ಅದು ಕಿರುಚಿದ ರಭಸಕ್ಕೆ ವಾರ್ಡೇ ಎದ್ದು ಕೂತಿತು. ಸಕ್ಕರೆ ಸರಿಯಾಗಿತ್ತು. ಕೆಲವು ವಾರ ಬಿಟ್ಟು ನೋಡಿದಾಗ ತಾಯಿಯದೂ ಸರಿಹೋಗಿತ್ತು.

"ಹಾಗಂತ ಮರೀಬೇಡಿ. ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಿ," ಎಂದರು ಡಾಕ್ಟರಮ್ಮ.

ಈ ಸಲ ಮೇಡಂ ಒಪ್ಪಿಕೊಂಡಳು. ವಾದಕ್ಕೆ ಪುರುಸೊತ್ತಿರಲಿಲ್ಲ, ಮಗು ಆಗಲೇ ಅವಳ ತೊಡೆ ಒದ್ದೆ ಮಾಡಿತ್ತು.