ಹೆರಿಗೆಯ ಬಂಡಿ ಹೂಡುವ ಸೂಗಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಸೂಗಮ್ಮನ ಸಿಟ್ಟು ಆಗಲೇ ನೆತ್ತಿಗೇರಿದೆ. ಬಂಡಿ ಹೂಡಿಯಾಗಿದೆ. ಹುಲ್ಲಿನ ಮೇಲೆ ಕೌದಿ ಹಾಸಿ, ಹೆರಿಗೆ ನೋವಿನ ಅಯ್ಯಮ್ಮನನ್ನು ಮಲಗಿಸಿಯೂ ಆಗಿದೆ. ಅವಳ ಗಂಡ ಅಂಬಪ್ಪ ಮಾತ್ರ ಒಳಗೆ ರುಮಾಲು ಹುಡುಕುತ್ತಿದ್ದಾನೆ.

"ಏ ಅಂಬಪ್ಪಾ, ಮದುವಿಗಿ ಹೊಂಟೀಯೇನು? ಹತ್ತಲೇ ಬಂಡಿ!"

"ಹೊತ್ತು ಮೂಡಿದ ಮ್ಯಾಲ ಹೊಂಡ್ರಿ ಅಂತಾಳ ನಮ್ಮವ್ವ."

"ಕೂಸು ನಿಮ್ಮವ್ವನ್ನ ಕೇಳಿ ಬರಾಕತ್ತಿಲ್ಲ!"

ಜವಳಗೇರಾ ಕಡೆಯ ಈ ಪುಟ್ಟ ಊರಿಗೆ ಕಾಲುವೆ ಬಂದ ಮೇಲೆ ಭತ್ತ ಬಂತು, ಹೆಂಚಿನ ಮನೆಗಳು ಬಂದವು. ಆದರೆ ಸಿಂಧನೂರಿಗೆ ಹೋಗುವ ಹಳೆಯ ಬಂಡಿದಾರಿಯನ್ನು ಅದೇ ಕಾಲುವೆ ಕಡಿದುಹಾಕಿತು. ಈಗ ದವಾಖಾನೆ ಸೇರಬೇಕೆಂದರೆ ದೂರದ ಸೇತುವೆಯವರೆಗೆ ಸುತ್ತಬೇಕು.

ಕೆಲವು ವರ್ಷಗಳ ಹಿಂದೆ ಸೂಗಮ್ಮನ ಮಗಳು ಗ್ಯಾನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದು ಸುಗ್ಗಿಯಲ್ಲಿ. ಬ್ಯಾನಿ ಶುರುವಾದಾಗ ಸೂಗಮ್ಮ ಬಂಡಿಗಾಗಿ ಮನೆಮನೆಗೂ ಓಡಿದಳು. ಎಲ್ಲರ ಬಂಡಿಯಲ್ಲೂ ಮಿಲ್ಲಿಗೆ ಹೋಗುವ ಭತ್ತದ ಮೂಟೆ. ಕೊನೆಗೊಬ್ಬರು ಮೂಟೆ ಇಳಿಸಿ ಕೊಡುವಷ್ಟರಲ್ಲಿ ತಡವಾಗಿತ್ತು. ಸೇತುವೆ ಕಣ್ಣಿಗೆ ಬೀಳುವ ಮೊದಲೇ ತಾಯಿ, ಮಗು ಇಬ್ಬರೂ ಹೋದರು.

ಮಗಳ ಮನೆಗೆ ಕೊಡಲೆಂದು ಸಾಕಿದ್ದ, ಇನ್ನೂ ನೊಗ ಕಾಣದ ಜೋಡಿ ಹೋರಿಗಳು ಕೊಟ್ಟಿಗೆಯಲ್ಲೇ ಉಳಿದವು. ಸೂಗಮ್ಮ ಅವನ್ನು ಪಳಗಿಸಿ, ತಾನೇ ಹಗ್ಗ ಹಿಡಿದು ಬಂಡಿ ಹೊಡೆಯುವುದನ್ನು ಕಲಿತಳು. ಹೆಂಗಸು ಬಂಡಿ ಹೊಡೆಯುವುದನ್ನು ನೋಡಿ ನಕ್ಕವರು, ಸೊಸೆಯಂದಿರಿಗೆ ಬ್ಯಾನಿ ಬಂದಾಗ ಅವಳ ಬಾಗಿಲಿಗೇ ಬಂದರು. ಸಿಟ್ಟು ಬಂದದ್ದು ಗಂಡ ಹೊನ್ನೂರಪ್ಪನಿಗೆ. "ನಾಟಿ ನಿಂತೈತಿ, ಎತ್ತು ಊರ ಪಾಲಾಗ್ಯಾವು" ಎಂದು ಇಂದಿಗೂ ಗೊಣಗುತ್ತಾನೆ. ಗೊಣಗುತ್ತಲೇ ಮೇವು ಹಾಕುತ್ತಾನೆ.

"ಬಂಡಿ ಹೊಡಿಯಾದು ತ್ರಾಸಲ್ರೀ," ಎನ್ನುತ್ತಾಳೆ ಸೂಗಮ್ಮ. "ಈ ಮಂದೀನ್ನ ಮನಿ ಬಿಡಿಸಾದ ತ್ರಾಸು. ನೆಲ ಹಸಿ ಆದ್ರ ಬೀಜ ಹಾಕಾಕ ಓಡ್ತಾರ, ಹೆಣ್ಮಗಳು ಒದ್ದ್ಯಾಡಿದ್ರ ಪಂಚಾಂಗ ತೆಗಿತಾರ!"

ಕಾಲುವೆಯ ಏರಿ ಹಿಡಿದರೆ ದಾರಿ ಅರ್ಧವಾಗುತ್ತದೆ. ಬಂಡಿಗಳು ಏರಿ ಕೆಡಿಸುತ್ತವೆಂದು ನೀರಾವರಿ ಇಲಾಖೆಯವರು ಅಲ್ಲಿ ಎರಡು ಗೂಟ ನೆಟ್ಟು ಸರಪಳಿ ಬಿಗಿದು ಬೀಗ ಹಾಕಿದ್ದಾರೆ. ಕಾವಲುಗಾರ ಹುಸೇನ್‌ಸಾಬ್ ಪ್ರತಿ ಸಲವೂ ವಾದ ಮಾಡಿ, ಕೊನೆಗೆ ಬೀಗ ತೆಗೆಯುತ್ತಾನೆ. ಇವತ್ತು ಅವನ ಮುಖ ಬಾಡಿದೆ.

"ಅಕ್ಕಾ, ಹೊಸಾ ಸಾಹೇಬ್ರು ಚಾವಿ ಇಸ್ಕೊಂಡಾರ. ಹುಕುಂ ಐತ್ರಿ."

ಬಂಡಿಯೊಳಗೆ ಅಯ್ಯಮ್ಮ ಚೀರುತ್ತಾಳೆ. ಸೂಗಮ್ಮ ಕೆಳಗಿಳಿದು ಗೂಟವನ್ನೊಮ್ಮೆ ಅಲುಗಾಡಿಸಿ ನೋಡುತ್ತಾಳೆ. ಎತ್ತುಗಳನ್ನು ಹಿಂದಕ್ಕೆ ತಿರುಗಿಸಿ, ಹಗ್ಗದ ಒಂದು ತುದಿಯನ್ನು ಗೂಟಕ್ಕೂ ಇನ್ನೊಂದನ್ನು ಬಂಡಿಯ ಅಚ್ಚಿಗೂ ಬಿಗಿಯುತ್ತಾಳೆ.

"ನನ್ನ ನೌಕರಿ ಹೋಗತೈತಿ ಅಕ್ಕಾ!"

"ಸೂಗಮ್ಮ ಕಿತ್ತಾಳಂತ ಹೇಳು. ನಾನೇನು ಓಡಿ ಹೋಗಂಗಿಲ್ಲ. ಅಂಬಪ್ಪಾ, ರುಮಾಲು ಸರಿ ಮಾಡಿದ್ದು ಸಾಕು, ಗೂಟ ನೂಕು!"

ಹುಸೇನ್‌ಸಾಬ್ ಕೋಲು ಬದಿಗೆಸೆಯುತ್ತಾನೆ. ತಾನೂ ಗೂಟಕ್ಕೆ ಹೆಗಲು ಕೊಡುತ್ತಾನೆ. ಎತ್ತುಗಳು ಜಗ್ಗುತ್ತವೆ. ಗೂಟ ಬುಡಸಮೇತ ಕಿತ್ತು ಬರುತ್ತದೆ.

ಬಿಸಿಲೇರುವ ಹೊತ್ತಿಗೆ ಸಿಂಧನೂರಿನ ದವಾಖಾನೆಯಲ್ಲಿ ಹೆಣ್ಣು ಮಗು ಅಳುತ್ತದೆ. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತೆಂದು ನರ್ಸಮ್ಮ ಹೇಳುತ್ತಾಳೆ. ಅಂಬಪ್ಪ ಕಣ್ಣೊರೆಸಿಕೊಂಡು ಕೈ ಮುಗಿಯುತ್ತಾನೆ: "ಚಿಗವ್ವಾ, ಕೂಸಿಗೆ ನಿನ್ನ ಹೆಸರಽ ಇಡತೀನಿ."

"ಹೆಸರು ಆಮ್ಯಾಲ ಇಡುವಂತಿ. ಮುಂದಿನ ಸಲ ಹೊತ್ತಿಗಿ ಸರಿಯಾಗಿ ಕರಿಯಾದು ಕಲಿ."

ಬಾಡಿಗೆ ಕೇಳದ ಈ ಹೆಂಗಸಿಗೆ ಏನು ಬೇಕೆಂದು ಕೇಳಿದರೆ, ಎತ್ತಿನ ಕೊರಳು ನೀವುತ್ತ ರೇಗುತ್ತಾಳೆ. "ಕಾಲುವಿ ಈಚಿ ದಂಡಿಗೆ ಒಬ್ಬ ನರ್ಸಮ್ಮ ಬರ್ಲಿ ಸಾಕು. ಒಂದು ಮುಂಜಾನಿನಾದ್ರೂ ಬಿಸಿಲು ಬರೂ ತನಕ ಮಲಗತೀನಿ."