ಅತ್ತೆ ಯಾವ ಸ್ವಿಚ್ಚನ್ನೂ ಒತ್ತಿರಲಿಲ್ಲ

ಆ ಸಂಜೆ ಹೋಟೆಲಿನ ಕೋಣೆಯ ದೀಪ ಆರಿಸಿದವಳು ನಾನು. ನನ್ನ ಅತ್ತೆ ನೀಲವ್ವ ಏನನ್ನೂ ಮುಟ್ಟಿರಲಿಲ್ಲ. ಆದರೆ ತಾನೇ ಏನೋ ಒತ್ತಿ ಕತ್ತಲು ಮಾಡಿಕೊಂಡೆ, ಆ ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡೆ ಎಂದು ನಂಬಿಯೇ ಅವರು ಸತ್ತರು. ಮನೆಯವರೂ ಹಾಗೇ ನಂಬಿದ್ದಾರೆ, ಬೆಟಗೇರಿಯ ನಮ್ಮ ಓಣಿಯೂ ಹಾಗೇ ನಂಬಿದೆ. ನಂಬಿಸಿದವಳು ನಾನು. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು — ಬರೆದ ಮೇಲೂ ಹಗುರವೇನೂ ಆಗುತ್ತಿಲ್ಲ.

ಮೊದಲ ಸುಳ್ಳನ್ನು ಹೋಟೆಲು ಹುಡುಕುವಾಗಲೇ ಹೇಳಿದ್ದೆ. ಆ ಬೇಸಿಗೆ ಮಕ್ಕಳೆಲ್ಲ ಬೆಂಗಳೂರಿನ ಹೊರಗಿರುವ ದೊಡ್ಡ ಥೀಮ್ ಪಾರ್ಕಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದವು. ಅತ್ತೆ, ನಾವು ಗಂಡಹೆಂಡತಿ, ಮುಂಡರಗಿಗೆ ಕೊಟ್ಟಿದ್ದ ನಾದಿನಿ ಶಾಂತಾ ಮತ್ತು ಅವಳ ಗಂಡ, ಎರಡೂ ಮನೆಯ ಮಕ್ಕಳು — ಒಂದು ಗಾಡಿ ತುಂಬುವಷ್ಟು ಮಂದಿ. ಫೋನಿನಲ್ಲಿ ಫೋಟೊ ನೋಡಿ, ಬರೆದದ್ದು ಓದಿ, ಮಾತಾಡಿ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಅದಕ್ಕೆ ನಾನೇ ಶಾಣ್ಯಾಕಿ.

ಪಾರ್ಕಿನ ಹತ್ತಿರ ಎರಡು ಜಾಗ ಸಿಕ್ಕವು. ಒಂದು ಹಳೆಯ ವಸತಿಗೃಹ. ಅಲ್ಲಿ ಒಂದೇ ದೊಡ್ಡ ಹಾಲು, ನೆಲಕ್ಕೆ ಗಾದಿ, ಹೊರಗೆ ಸಾಲಾಗಿ ಬಚ್ಚಲು. ಇನ್ನೊಂದು ಹೊಸ ಹೋಟೆಲು — ಬಿಳಿ ಹಾಸಿಗೆ, ದಪ್ಪ ಪರದೆ, ಬೇರೆ ಬೇರೆ ಕೋಣೆ. ನಮ್ಮ ಮನೆತನದವರಿಗೆ ಹೇಳಿ ಮಾಡಿಸಿದ್ದು ಆ ಹಾಲು. ನಾವು ಎಲ್ಲಿಗೆ ಹೋದರೂ ಮಲಗುವುದು ಹಾಗೆಯೇ. ಲಕ್ಷ್ಮೇಶ್ವರದ ಮದುವೆಗೆ ಹೋದಾಗಲೂ ಜಮಖಾನೆ ಹಾಸಿ ಸಾಲಾಗಿ ಮಲಗಿದ್ದೆವು. ನಡುವೆ ಅತ್ತೆ, ಅವರ ಎರಡೂ ಬದಿಗೆ ಮೊಮ್ಮಕ್ಕಳು. ಎಪ್ಪತ್ತು ದಾಟಿದ ಆ ಹೆಂಗಸು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಒಂದು ದಿನವೂ ಮಲಗಿದವಳಲ್ಲ.

ಫೋನು ಮಾಡಿದಾಗ ವಸತಿಗೃಹದವನು, ‘ಹಾಲ್ ಖಾಲಿ ಇದೆ ಮೇಡಂ, ವಯಸ್ಸಾದವರಿಗೂ ಅನುಕೂಲ ಆಗುತ್ತೆ, ಬನ್ನಿ’ ಎಂದ. ನಾನು ಫೋನಿಟ್ಟು ಒಳಗೆ ಬಂದು, ‘ಹಾಲ್ ತುಂಬೇತಂತ್ರಿ’ ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಅತ್ತೆ ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದರು, ನಕ್ಕರು.

‘ಒಬ್ಬೊಬ್ಬರಿಗೆ ಒಂದೊಂದ ಖೋಲಿ! ಎಲ್ಲಾರೂ ಬಾಣಂತನಕ್ಕ ಹೊಂಟೇವೇನ ಗಿರಿಜವ್ವಾ?’

ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ಬೇಕಿದ್ದದ್ದು ಬಾಗಿಲು. ಒಳಗಿನಿಂದ ಹಾಕಿಕೊಳ್ಳಬಹುದಾದ, ಯಾರೂ ತಟ್ಟದ ಒಂದು ಬಾಗಿಲು. ಮದುವೆಯಾಗಿ ಬಂದಾಗಿನಿಂದ ನಾನು ಒಬ್ಬಳೇ ಇದ್ದ ಜಾಗವೆಂದರೆ ಬಚ್ಚಲುಮನೆ. ಅಲ್ಲಿಯೂ ಹೊರಗಿನಿಂದ ಯಾರಾದರೂ ‘ಆತೇನು?’ ಎಂದು ಕೂಗುತ್ತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಬೇಕಾದದ್ದನ್ನು ಬೇಕು ಎಂದು ಕೇಳಿದ್ದರೆ ಅತ್ತೆ ತಮಾಷೆ ಮಾಡುತ್ತಿದ್ದರು, ಕೊಡಿಸುತ್ತಲೂ ಇದ್ದರು. ಅಂಥವರು. ನಾನು ಕೇಳಲಿಲ್ಲ, ಸುಳ್ಳು ಹೇಳಿದೆ.

ಹೋಟೆಲಿನಲ್ಲಿ ಕೀಲಿಕೈ ಬದಲು ಕಾರ್ಡು ಕೊಟ್ಟರು. ಬಾಗಿಲಿಗೆ ಹಿಡಿದರೆ ತೆಗೆಯುತ್ತದೆ, ಒಳಗೆ ಗೋಡೆಯ ಸಂದಿನಲ್ಲಿ ಸಿಕ್ಕಿಸಿದರೆ ದೀಪ ಹತ್ತುತ್ತವೆ. ‘ತೆಗೆದರೆ ಕರೆಂಟು ಪೂರ್ತಿ ಹೋಗುತ್ತೆ’ ಎಂದು ಕೌಂಟರಿನವನು ಬಿಡಿಸಿ ಹೇಳಿದ. ಹೇಳಿದ್ದು ನನಗೆ. ಉಳಿದವರೆಲ್ಲ ಚೀಲ ಇಳಿಸುತ್ತಿದ್ದರು. ಅತ್ತೆಗೆ ಶಾಂತಾಳ ಮಗಳ ಜೊತೆ ಒಂದು ಕೋಣೆ ಕೊಟ್ಟೆ. ಅದರ ಪಕ್ಕದ ಗೋಡೆಗೆ ನಮ್ಮ ಕೋಣೆ.

ಅವತ್ತು ಪಾರ್ಕಿನಲ್ಲಿ ಅತ್ತೆಯನ್ನು ನೋಡಬೇಕಿತ್ತು ನೀವು. ಅಲೆ ಬರುವ ಕೊಳದ ಅಂಚಿಗೆ ಕೂಡಿಸಿ ಬಂದರೆ, ಸ್ವಲ್ಪ ಹೊತ್ತಿಗೆ ಕಚ್ಚೆಯ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಮೊಣಕಾಲು ನೀರಿನಲ್ಲಿ ಮೊಮ್ಮಕ್ಕಳ ಕೈ ಹಿಡಿದು ನಿಂತಿದ್ದರು. ಅಲೆ ಬಂದಾಗೊಮ್ಮೆ, ‘ಬಂತು ನೋಡಲೇ, ಬಂತು!’ ಎಂದು ಚೀರುವುದು. ಅವರು ನಿಂತು ಆಡಿದ್ದು ಅದೇ ಕೊನೆ.

ಸಂಜೆಯಾಗುವ ಹೊತ್ತಿಗೆ ಮೊಣಕಾಲು ನೋವೆಂದರು. ಎಲ್ಲರೂ ಹೋಟೆಲಿಗೆ ಬಂದು ಚಹಾ ಕುಡಿದೆವು. ಆಮೇಲೆ ಪಾರ್ಕಿನಲ್ಲಿ ಬಣ್ಣದ ಕಾರಂಜಿ ಇತ್ತು; ಮಕ್ಕಳು ಅದನ್ನು ಬಿಡುವಂತಿರಲಿಲ್ಲ.

‘ಅವ್ವನ ಹಂತ್ಯಾಕ ನಾ ಇರ್ತೇನ್ರಿ ವೈನಿ, ನೀವು ಹೋಗಿಬರ್ರಿ’ ಎಂದಳು ಶಾಂತಾ.

‘ನೀ ಹೋಗವಾ. ನಾ ಇಲ್ಲೇ ಇರ್ತೇನಲ್ಲ’ ಎಂದೆ.

ಎಷ್ಟು ಒಳ್ಳೆಯವಳು ನಾನು! ಶಾಂತಾಳ ಕಣ್ಣು ತುಂಬಿ ಬಂದವು.

ಅವರು ಹೋದರು. ಅತ್ತೆಗೆ ಜೊಂಪು ಹತ್ತಿತು. ನಾನು ಎದ್ದೆ. ನಮ್ಮ ಮನೆಯಲ್ಲಿ ಹೊರಗೆ ಹೋಗುವ ಹೆಂಗಸು ಕೀಲಿಕೈ ಜೊತೆಗೇ ಒಯ್ಯುತ್ತಾಳೆ, ಬಂದಾಗ ಹಿರಿಯರನ್ನು ಎಬ್ಬಿಸಬಾರದೆಂದು. ಕೈ ಆ ರೂಢಿಯಲ್ಲೇ ಕಾರ್ಡಿಗೆ ಹೋಯಿತು — ಹೀಗೆ ಬರೆದು ನಿಲ್ಲಿಸಿಬಿಟ್ಟರೆ ಇದು ಬರೀ ಮರೆವಾಗುತ್ತದೆ. ಆದರೆ ಎಳೆದ ಕೂಡಲೇ ದೀಪ ಆರಿದ್ದನ್ನು ನಾನು ನೋಡಿದೆ. ಕೌಂಟರಿನವನ ಮಾತು ನೆನಪಾಯಿತು. ಪರದೆಯ ಹಿಂದೆ ಇನ್ನೂ ತುಸು ಬೆಳಕಿತ್ತು. ಕತ್ತಲಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ, ಬೇಗ ಏಳುವುದಿಲ್ಲ ಎಂದುಕೊಂಡೆ. ಬೇಗ ಏಳದಿರಲಿ ಎಂದೇ ಎಂದುಕೊಂಡೆ. ಬಾಗಿಲು ಎಳೆದುಕೊಂಡು ನನ್ನ ಕೋಣೆಗೆ ಹೋದೆ.

ಬಿಸಿನೀರು ತಲೆಯ ಮೇಲೆ ಬಿಟ್ಟುಕೊಂಡು ನಿಂತೆ. ಆಮೇಲೆ ಆ ಅಗಲ ಹಾಸಿಗೆಯ ನಡುವೆ ಕೈಕಾಲು ಚಾಚಿ ಮಲಗಿದೆ. ಸುಖವೆಂದರೆ ಅದು. ಇವತ್ತಿಗೂ ಆ ಸುಖ ಸುಳ್ಳೆಂದು ಹೇಳಲಾರೆ, ಅದೇ ನನ್ನ ಹೇಸಿಗೆ.

ಗೋಡೆಯ ಆಚೆ ಸದ್ದಾಯಿತು. ಅಂಗೈಯಿಂದ ಗೋಡೆ ತಡಕಾಡುವ ಸದ್ದು. ಸ್ವಿಚ್ಚುಗಳು — ಟಕ್, ಟಕ್, ಮತ್ತೆ ಟಕ್. ಆಮೇಲೆ ದನಿ.

‘ಗಿರಿಜಾ... ಏ ಗಿರಿಜಾ... ಯಾರರೆ ಅದೀರೇನವಾ?’

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಇಷ್ಟು ವರ್ಷ ನನಗೆ ನಾನೇ ‘ಕಣ್ಣು ಹತ್ತಿತ್ತು, ಕೇಳಲಿಲ್ಲ’ ಎಂದು ಹೇಳಿಕೊಂಡಿದ್ದೇನೆ. ಸುಳ್ಳು. ಇನ್ನೊಂದು ಸ್ವಲ್ಪ, ಎಂದು ಮಗ್ಗುಲು ಬದಲಿಸಿದೆ. ಮತ್ತೆ ಕರೆದರು. ನಾನು ದಿಂಬನ್ನು ಕಿವಿಗೆ — ಬೇಡ, ಇದ್ದದ್ದು ಇದ್ದಂತೆ ಬರೆಯುತ್ತೇನೆ — ದಿಂಬನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ ಧಪ್ ಎಂದಿತು.

ಓಡಿದೆ. ಬಾಗಿಲು ತೆಗೆದು ಮೊದಲು ಕಾರ್ಡು ಸಿಕ್ಕಿಸಿದೆ. ಎಲ್ಲ ದೀಪಗಳೂ ಒಮ್ಮೆಲೇ ಹತ್ತಿದವು. ಬಚ್ಚಲಿನ ಹೊಸ್ತಿಲ ಮೇಲೆ ಅತ್ತೆ ಬಿದ್ದಿದ್ದರು, ಒಂದು ಕಾಲು ಮಡಚಬಾರದ ರೀತಿಯಲ್ಲಿ ಮಡಚಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

‘ಏನೋ ಒತ್ತಿಬಿಟ್ಟೆ ನೋಡ ಯವ್ವಾ. ಎಲ್ಲಾ ದೀಪ ಹೋದ್ವು. ಕೆಟ್ಟ ಹೋತೇನ? ಅವರು ಬೈತಾರೇನ?’

ಸೊಂಟ ಮುರಿದು ಬಿದ್ದವಳು ಕೇಳಿದ್ದು ಇದು. ಆಗ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು — ನೀವಲ್ಲರಿ ಅತ್ತಿ, ನಾನು. ಬಾಯಿಗೆ ಬಂದದ್ದು ಬೇರೆ: ‘ಇಲ್ಲ ಬಿಡ್ರಿ, ಈಗ ಬಂದಾವಲ್ಲ.’

ಫೋನು ಮಾಡಿದೆ, ಎಲ್ಲರೂ ಓಡೋಡಿ ಬಂದರು. ಶಾಂತಾ ನನ್ನ ಒದ್ದೆ ಕೂದಲು ನೋಡಿದಳೋ ಇಲ್ಲವೋ, ‘ನೀವೆಲ್ಲಿದ್ರಿ ವೈನಿ?’ ಎಂದಳು.

‘ಚಾ ತರಾಕ ಕೆಳಗ ಹೋಗಿದ್ದೆ. ಅಷ್ಟರಾಗ ಅತ್ತಿ ಏನೋ ಒತ್ತಿಬಿಟ್ಟಾರ.’

ಅತ್ತೆಯ ಅನುಮಾನವನ್ನೇ ಎತ್ತಿಕೊಂಡು ಅವರ ಮೇಲೆ ಸಾಕ್ಷಿ ನುಡಿದೆ. ನೋವಿನಲ್ಲಿದ್ದ ಅತ್ತೆ ತಲೆಯಾಡಿಸಿದರು: ‘ಹೌದು, ನಾನಽ.’

ಅಲ್ಲಿಯ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಊರಿಗೆ ಕರೆತಂದೆವು. ಅತ್ತೆ ಮತ್ತೆ ಹಾಸಿಗೆಯಿಂದ ಏಳಲಿಲ್ಲ.

ನೀಲವ್ವ ಎಂದರೆ ಕೈ ಎಂದು ಓಣಿಯಲ್ಲಿ ಹೆಸರಿತ್ತು. ಮಗ್ಗ ನಡೆಯುತ್ತಿದ್ದ ಕಾಲದಲ್ಲಿ ಹರಿದ ಎಳೆಯನ್ನು ಕಣ್ಣಿಗೆ ಕಾಣದ ಹಾಗೆ ಜೋಡಿಸುತ್ತಿದ್ದರಂತೆ. ಮಿಕ್ಸರು ನಿಂತರೆ ನಾವು ಅಂಗಡಿಗೆ ಒಯ್ಯುವ ಮೊದಲು ಅವರ ಮುಂದೆ ಇಡುತ್ತಿದ್ದೆವು. ಅಂಥವರು ಆಮೇಲೆ ಹಾಸಿಗೆಯ ಪಕ್ಕದ ಸ್ವಿಚ್ಚನ್ನೂ ಮುಟ್ಟಲಿಲ್ಲ. ನಮ್ಮವರು ಕೈಗೆ ಎಟಕುವಂತೆ ಬೋರ್ಡು ಹಾಕಿಸಿಕೊಟ್ಟರು, ಆದರೂ ಮುಟ್ಟಲಿಲ್ಲ. ನಾನು ಅಡಿಗೆಮನೆಯಿಂದ ಬಂದು ನೋಡಿದರೆ ಮುಸ್ಸಂಜೆಯ ಕತ್ತಲಲ್ಲಿ ಸುಮ್ಮನೆ ಕಣ್ಣು ಬಿಟ್ಟು ಮಲಗಿರುತ್ತಿದ್ದರು. ‘ಹಚ್ಚಬಾರದೇನ್ರಿ?’ ಎಂದರೆ, ‘ಬ್ಯಾಡವಾ, ನನ್ನ ಕೈ ಸುಮಾರ ಐತಿ, ಮುಟ್ಟಿದ್ದೆಲ್ಲಾ ಕೆಡತೈತಿ’ ಎನ್ನುತ್ತಿದ್ದರು. ಒಂದು ಸಂಜೆ ಹಾಗೆ ದೀಪ ಹಚ್ಚಿ, ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಹೊರಗೆ ಬಂದು ರೊಟ್ಟಿ ತಟ್ಟಿದೆ.

ನೋಡಲು ಬಂದವರಿಗೆಲ್ಲ ಅವರೇ ಕತೆ ಹೇಳುತ್ತಿದ್ದರು, ನಗಿಸುತ್ತಲೇ. ಮಕ್ಕಳಿಗಂತೂ ಅದು ತಮಾಷೆಯಾಯಿತು — ಅಜ್ಜಿ ಹೋಟೆಲಿನ ಕರೆಂಟು ತೆಗೆದಳು! ಶಾಂತಾ ಮಾತ್ರ ನಗುತ್ತಿರಲಿಲ್ಲ. ‘ನಾನಽ ಉಳೀಬೇಕಿತ್ತ’ ಎಂದು ಬಂದಾಗಲೆಲ್ಲ ಅಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ.

ಸೇವೆ ಮಾಡಿದೆ. ಮೈ ಒರೆಸಿದೆ, ಹುಣ್ಣಾಗದಂತೆ ಮಗ್ಗುಲು ಬದಲಿಸಿದೆ, ಹೇಸಿಗೆ ಬಳಿದೆ. ಸೊಸೆಯೆಂದರೆ ಇಂಥಾಕಿ ಇರಬೇಕು ಎಂದು ಜನ ಹೊಗಳಿದರು. ಮೊದಮೊದಲು ಆ ಮಾತು ಚುಚ್ಚುತ್ತಿತ್ತು. ನಿಜ ಹೇಳಲೇ? ಆಮೇಲೆ ಅದರ ರುಚಿ ಹತ್ತಿತು. ಹೇಳಿದರೆ ಅದೂ ಹೋಗುತ್ತದಲ್ಲ ಎಂಬ ಭಯವೂ ಬಾಯಿ ಕಟ್ಟಿತು. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ... ಹೀಗೆ ಮುಂದೆ ಹಾಕುತ್ತ ಹೋದೆ.

ಈಗ ಶಾಂತಾಳ ಮಗಳಿಗೆ ಮದುವೆಯಾಗಿದೆ. ಹೋದ ವಾರ ಆ ಹುಡುಗಿಯೇ ಫೋನು ಮಾಡಿ, ತನ್ನ ಅತ್ತೆಮಾವನನ್ನೂ ಕರೆದುಕೊಂಡು ಎಲ್ಲರೂ ಅದೇ ಪಾರ್ಕಿಗೆ ಹೋಗುವವರಿದ್ದೇವೆ ಎಂದು ಹೇಳಿ, ‘ಹೋಟೆಲ ನೀವಽ ನೋಡ್ರಿ ಅತ್ತಿ, ನಿಮಗ ಗೊತ್ತೈತಿ’ ಎಂದಳು. ಫೋನಿಟ್ಟು ಇದನ್ನು ಬರೆಯಲು ಕೂತೆ. ಮುಂಡರಗಿಗೆ ಹೋಗಿ ಶಾಂತಾಳ ಎದುರು ಕೂತು ಇದನ್ನು ಹೇಳುತ್ತೇನೆ. ಅವಳು ಹೊಸ್ತಿಲು ತುಳಿಯಬೇಡ ಎಂದರೆ ತುಳಿಯುವುದಿಲ್ಲ. ಅವಳ ಅಳು ಅದರಿಂದ ಕಡಿಮೆಯಾಗುತ್ತದೆ ಎಂದಲ್ಲ, ಇಷ್ಟು ದಿನ ಅವಳು ತಪ್ಪಿಲ್ಲದೆ ಅತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಗಲಿ. ಅತ್ತೆಗೆ ಮಾತ್ರ ಇನ್ನು ಯಾರೂ ಹೇಳಲಾರರು.

ಕೊನೆಯ ದಿನಗಳಲ್ಲಿ ಅವರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ತುಟಿ ಒರೆಸುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದರು. ಹಿಡಿತವೇ ಇರಲಿಲ್ಲ, ಬರೀ ಬೆರಳುಗಳು.

‘ಅವತ್ತ ನಾ ಕೈ ಸುಮ್ಮನ ಇಟ್ಕೊಂಡಿದ್ರ ನಿನಗ ಈ ತ್ರಾಸ ಇರತಿದ್ದಿಲ್ಲ. ನಿನ್ನ ಬಾಳೇವನ್ನೂ ಈ ಹಾಸಿಗಿಗೆ ಕಟ್ಟಿಹಾಕಿದೆ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊ ಯವ್ವಾ.’

ಮನೆಯಲ್ಲಿ ಯಾರೂ ಇರಲಿಲ್ಲ. ನಾವಿಬ್ಬರೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು.

‘ಹಾಕ್ಕೊಂಡೇನ್ರಿ ಅತ್ತಿ’ ಎಂದೆ.

ಅವರು ಕಣ್ಣು ಮುಚ್ಚಿದರು, ಮುಖ ನಿರಾಳವಾಯಿತು. ನಾನು ಅವರನ್ನು ಕ್ಷಮಿಸಿಬಿಟ್ಟಿದ್ದೆ.